ಮೂಲ ಹೇಳಿ ಮಾರುವ ಮರಳು: ಪುಣೆ–ನಗರ ರಸ್ತೆಯ ಒಂದು ಯಾರ್ಡಿನ ಪರಿಶೀಲನೆ

ಪುಣೆಯಲ್ಲಿ ಮನೆ ಕಟ್ಟಿಸುವವರು ಸಿಮೆಂಟಿಗೆ ಬ್ರ್ಯಾಂಡ್ ಕೇಳುತ್ತಾರೆ, ಕಬ್ಬಿಣದ ಸರಳಿಗೆ ಗ್ರೇಡ್ ಕೇಳುತ್ತಾರೆ, ಮರಳಿಗೆ ಮಾತ್ರ ದರ ಕೇಳಿ ಸುಮ್ಮನಾಗುತ್ತಾರೆ. ಮರಳಿಗೆ ಚೀಲವಿಲ್ಲ, ಮುದ್ರೆಯಿಲ್ಲ. ರಾತ್ರಿ ಟಿಪ್ಪರ್ ಬಂದು ಗೇಟಿನ ಬಳಿ ಸುರಿದು ಹೋದ ಮೇಲೆ ಅದು ಯಾವ ಹೊಳೆಯದೆಂದು ಕೇಳುವವರೂ ಇಲ್ಲ. ನಮ್ಮ ಸೊಸೈಟಿಯ ಹೊರಗೋಡೆಯ ಗಿಲಾವು, ಮೇಲಿನ ನೀರಿನ ಟಾಕಿಯ ದುರಸ್ತಿ ಹಾಗೂ ಕಾವಲುಗಾರರ ಕೋಣೆಯ ಚಿಕ್ಕ ಸ್ಲ್ಯಾಬ್, ಈ ಮೂರು ಕೆಲಸಗಳಿಗೆ ಮರಳು ತರಿಸುವ ಹೊಣೆ ನನ್ನ ಮೇಲೆ ಬಿದ್ದಾಗ, ಮೂಲವನ್ನು ಬಾಯಿಬಿಟ್ಟು ಹೇಳುವ ವ್ಯಾಪಾರಿ ಸಿಗುವವರೆಗೆ ಖರೀದಿ ಮಾಡಬಾರದೆಂದು ಸಮಿತಿಯಲ್ಲಿ ಮೊದಲೇ ಒಪ್ಪಿಸಿದ್ದೆ. ಅಂಥವರು ಸಿಕ್ಕಿದ್ದು ವಾಘೋಲಿ ದಾಟಿದ ಮೇಲೆ ಅಹಮದ್‌ನಗರದ (ಈಗಿನ ಅಹಿಲ್ಯಾನಗರದ) ಕಡೆ ಹೋಗುವ ‘ನಗರ ರಸ್ತೆ’ಯ ಬದಿಗಿರುವ ಒಂದು ಯಾರ್ಡಿನಲ್ಲಿ. ಮಾಲೀಕರು ವಿಜಯಪುರ ಜಿಲ್ಲೆಯವರು; ಪುಣೆಗೆ ಗೌಂಡಿ ಕೆಲಸಕ್ಕೆ ಬಂದವರು ನಿಧಾನವಾಗಿ ಸಾಮಗ್ರಿ ವ್ಯಾಪಾರಕ್ಕಿಳಿದವರು. ಪ್ರಚಾರ ಬೇಡವೆಂದು ಅವರೇ ಕೇಳಿಕೊಂಡಿದ್ದರಿಂದ ಯಾರ್ಡಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಯಾರ್ಡಿನಲ್ಲಿ ಮೂರು ರಾಶಿಗಳಿವೆ. ಮೊದಲನೆಯದು ಸ್ಲ್ಯಾಬು, ಕಂಬಗಳ ಕಾಂಕ್ರೀಟಿಗೆ ಬಳಸುವ, ಕಪ್ಪುಕಲ್ಲನ್ನು ಒಡೆದು ಮಾಡಿದ ಮರಳು. ಇದನ್ನು ಇಲ್ಲಿ ಎಲ್ಲರೂ ಕ್ರಶ್ ಸ್ಯಾಂಡ್ ಎಂದೇ ಕರೆಯುತ್ತಾರೆ, ಬೆಂಗಳೂರಿನ ಕಡೆಯ ಎಂ-ಸ್ಯಾಂಡ್ ಇದೇ. ಎರಡನೆಯದು ಅದನ್ನೇ ಇನ್ನಷ್ಟು ಸಣ್ಣಗೆ ಮಾಡಿ ತೊಳೆದ ಗಿಲಾವಿನ ಮರಳು. ಮೂರನೆಯದು ಸಣ್ಣ ರಾಶಿ, ಅದೂ ಯಾವಾಗಲೂ ಇರುವುದಿಲ್ಲ: ಪಾಸ್ (ಸರ್ಕಾರದ ಸಾಗಣೆ ಪರವಾನಗಿಯ ಚೀಟಿ) ಸಹಿತ ಬಂದ ನದಿ ಮರಳು. ನಮಗೆ ಹೇಳಿದ ದರದಲ್ಲಿ ಕ್ರಶ್ ಸ್ಯಾಂಡಿನ ಬೆಲೆ ನದಿ ಮರಳಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿತ್ತು. ನದಿ ಮರಳೇ ಬೇಕೆಂದು ಹಟ ಹಿಡಿದ ಇನ್ನೊಬ್ಬ ಗಿರಾಕಿಗೆ ಮಾಲೀಕರು ನನ್ನೆದುರಿಗೇ ಹೇಳಿದ ಮಾತು ಇಷ್ಟು: “ಪಾಸ್ ಇಲ್ದ ಉಸುಕ ನಾ ಮಾರಂಗಿಲ್ರಿ. ಬೇಕಂದ್ರ ನಾಕ ದಿನ ತಡೀರಿ.” ಗಿರಾಕಿ ತಡೆಯಲಿಲ್ಲ, ಮುಂದಿನ ಯಾರ್ಡಿಗೆ ಹೋದರು.

ಈ ಜಾಗದ ವಿಶೇಷವೆಂದರೆ ಕಚೇರಿಯ ಮೇಜಿನ ಮೇಲೆ ಸಾಲಾಗಿಟ್ಟಿರುವ ಗಾಜಿನ ಶೀಸೆಗಳು. ಪ್ರತಿ ಶೀಸೆಯಲ್ಲೂ ಒಂದೊಂದು ಮೂಲದ ಮರಳು, ಮೇಲೆ ಕೈಬರಹದ ಚೀಟಿ. ಬಿಳಿ ಕಾಗದದ ಮೇಲೆ ಒಂದು ಚಿಟಿಕೆ ಸುರಿದು ಭೂತಗಾಜಿನಲ್ಲಿ ನೋಡಲು ಅವರು ಗಿರಾಕಿಗಳಿಗೆ ಅವಕಾಶ ಕೊಡುತ್ತಾರೆ. ವಾಘೋಲಿಯ ಕಲ್ಲಿನ ಮರಳಿನಲ್ಲಿ ಕಣಗಳೆಲ್ಲ ಬೂದುಗಪ್ಪು, ಅಂಚುಗಳು ಒಡೆದಂತೆ ಚೂಪು. ಭೀಮಾ ನದಿಯ ಮರಳೂ ಅದೇ ದಖ್ಖನಿನ ಕಪ್ಪುಕಲ್ಲಿನಿಂದ ಹುಟ್ಟಿದ್ದಾದರೂ ನೀರಿನಲ್ಲಿ ಉರುಳಿ ಅಂಚು ಕಳೆದುಕೊಂಡಿರುತ್ತದೆ. ನಡುನಡುವೆ ಹಾಲುಬಣ್ಣದ, ಜೇನುಬಣ್ಣದ ಅಗೇಟು ಜಾತಿಯ ಹರಳುಗಳು ಹೊಳೆಯುತ್ತವೆ. ಕೊಂಕಣದ ಖಾಡಿಯಿಂದ, ಅಂದರೆ ಕಡಲ ನೀರು ಒಳನುಗ್ಗುವ ಹಿನ್ನೀರಿನಿಂದ, ಬಂದ ಮರಳಿನಲ್ಲಿ ಚಿಪ್ಪಿನ ಚೂರುಗಳು ಬರಿಗಣ್ಣಿಗೇ ಕಾಣುತ್ತವೆ. ಸಂಶಯವಿದ್ದರೆ ಶೌಚಾಲಯ ತೊಳೆಯುವ ಆಸಿಡ್‌ನ ಒಂದು ಹನಿ ಬಿಟ್ಟರಾಯಿತು, ಚಿಪ್ಪು ಬುಸುಬುಸು ನೊರೆ ಬಿಡುತ್ತದೆ. ಭೀಮೆಯ ಮರಳಿನಲ್ಲಿ ಸೇರಿರುವ ಸುಣ್ಣದ ಹರಳೂ ಹಾಗೆಯೇ ನೊರೆ ಬಿಡುವುದರಿಂದ ಆಸಿಡ್ ಪರೀಕ್ಷೆಯೊಂದನ್ನೇ ನಂಬಿ ತೀರ್ಪು ಕೊಡಲಾಗದು. ಕಣ್ಣಿನ ಪರೀಕ್ಷೆಯೂ ಜೊತೆಗಿರಬೇಕು.

ಸಾಲಿನ ಕೊನೆಯ ಶೀಸೆಯಲ್ಲಿದ್ದ ಮರಳು ಅಕ್ಕಿಹಿಟ್ಟಿನಷ್ಟು ಬೆಳ್ಳಗಿತ್ತು. ಪ್ರವಾಸಿ ಹಡಗಿನಲ್ಲಿ ಕೆಲಸ ಮಾಡುವ ಅವರ ಅಳಿಯ ಜಮೈಕಾದಿಂದ ತಂದದ್ದಂತೆ. ಒಂದು ಹಿಡಿಯನ್ನಾದರೂ ಹಾಗೆ ತರಬಾರದಿತ್ತು ಎಂದು ನಾನು ಹೇಳಿದೆ, ಅವರು ನಕ್ಕರು. ಕೆರಿಬಿಯನ್ ದ್ವೀಪಗಳ ಇಂಥ ಬಿಳಿ ಮರಳು ಬಹುಪಾಲು ಹವಳ, ಚಿಪ್ಪು ಮತ್ತು ಸುಣ್ಣ ಕಟ್ಟುವ ಪಾಚಿಗಳ ಪುಡಿ. ಹವಳವನ್ನು ಕೆರೆದು ತಿನ್ನುವ ಗಿಳಿಮೀನುಗಳು ಹೊರಹಾಕುವ ಪುಡಿಯೂ ಅದರಲ್ಲಿ ಸೇರುತ್ತದೆ. ಬೆಟ್ಟ ಕರಗಿ ಹೊಳೆಯಲ್ಲಿ ಇಳಿದುಬರುವ ನಮ್ಮ ಮರಳಿನಂತೆ ಅದು ಪ್ರತಿ ಮಳೆಗಾಲಕ್ಕೂ ತುಂಬಿಕೊಳ್ಳುವುದಿಲ್ಲ.

ಮರಳಿನ ಮೂಲವನ್ನು ಗುರುತಿಸುವ ಇದೇ ವಿದ್ಯೆ ಜಮೈಕಾದಲ್ಲಿ ಒಮ್ಮೆ ಪೊಲೀಸರ ಕೆಲಸವಾಗಿತ್ತು. 2008ರ ಜುಲೈಯಲ್ಲಿ ಆ ದ್ವೀಪದ ಉತ್ತರ ಕರಾವಳಿಯ ಟ್ರೆಲಾನಿ ಪ್ರಾಂತದ ಕೋರಲ್ ಸ್ಪ್ರಿಂಗ್ ಎಂಬಲ್ಲಿ ಸುಮಾರು 400 ಮೀಟರ್ ಉದ್ದದ ಕಡಲತೀರದ ಮರಳು ಕಳುವಾಯಿತು. ಲೆಕ್ಕ ಹಾಕಿದವರು ಸುಮಾರು 500 ಲಾರಿ ಲೋಡು ಎಂದರು. ಅಲ್ಲಿ ರೆಸಾರ್ಟ್ ಕಟ್ಟುವ ಯೋಜನೆಯಿತ್ತು. ಪ್ರಧಾನಿ ಬ್ರೂಸ್ ಗೋಲ್ಡಿಂಗ್ ಅವರೇ ವರದಿ ತರಿಸಿಕೊಂಡರು. ಬೇರೆ ಹೋಟೆಲುಗಳ ಕಡಲತೀರಗಳಿಂದ ಮಾದರಿ ತೆಗೆದು, ಕದ್ದ ಮರಳಿನೊಂದಿಗೆ ಹೊಂದುತ್ತದೆಯೇ ಎಂದು ವಿಧಿವಿಜ್ಞಾನದ ಪರೀಕ್ಷೆ ನಡೆಸಲಾಯಿತು. ಕೆಲವರ ಮೇಲೆ ಮೊಕದ್ದಮೆ ಹೂಡಿದರೂ ಆ ಮೊಕದ್ದಮೆ ಊರ್ಜಿತವಾಗಲಿಲ್ಲ. ಅಲ್ಲಿ ಕಡಲತೀರಗಳ ನಿಯಂತ್ರಣಕ್ಕೆ 1956ರಷ್ಟು ಹಿಂದೆಯೇ ಕಾಯ್ದೆ ಬಂದಿತ್ತು ಎಂಬುದನ್ನು ಗಮನಿಸಬೇಕು. 500 ಲಾರಿಗಳಿಗೆ ಚಾಲಕರಿರಬೇಕು, ದಾರಿ ಬೇಕು, ಇಳಿಸಿಕೊಳ್ಳಲು ಒಂದು ಅಂಗಳ ಬೇಕು. ಇಳಿಸಿಕೊಂಡವನು ಕೇಳದೆ ಕೊಂಡನೆಂಬುದೇ ಆ ಕಳ್ಳತನವನ್ನು ಸಾಧ್ಯವಾಗಿಸಿತು ಎಂದು ನಾನು ತಿಳಿದಿದ್ದೇನೆ, ಆದ್ದರಿಂದಲೇ ಒಂದು ಮರಳಿನ ಅಂಗಡಿಯನ್ನು ತೂಗುವಾಗ ಮೂಲದ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು ಅಂಕ ಕೊಡುತ್ತೇನೆ.

ಕೆರಿಬಿಯನ್ನಿನ ಮಿಕ್ಕ ದ್ವೀಪಗಳ ಕಥೆ ಹೋಟೆಲಿಗಿಂತ ಹೆಚ್ಚಾಗಿ ಮನೆಗಳ ಕಥೆ. ಗ್ರೆನಡಾದಂಥ ಚಿಕ್ಕ ದ್ವೀಪದಲ್ಲಿ ದೊಡ್ಡ ನದಿಗಳಿಲ್ಲ, ಸಿಮೆಂಟಿಗೆ ಬೆರೆಸುವ ಮರಳು ಕಡಲತೀರದಿಂದಲೇ ಬರಬೇಕಿತ್ತು. 2004ರ ಸೆಪ್ಟೆಂಬರಿನಲ್ಲಿ ಇವಾನ್ ಚಂಡಮಾರುತ ಅಲ್ಲಿಯ ಸುಮಾರು ಶೇ. 90ರಷ್ಟು ಮನೆಗಳಿಗೆ ಹಾನಿ ಮಾಡಿತು. ಮನೆಗಳನ್ನು ಮತ್ತೆ ಕಟ್ಟಲು ಮರಳು ಬೇಕು, ಮರಳಿರುವುದು ತೀರದಲ್ಲಿ, ತೀರವೇ ಅಲೆಗಳಿಗೆ ಅಡ್ಡ ನಿಲ್ಲುವ ಗೋಡೆ. ಪೂರ್ವ ಕರಾವಳಿಯ ಟೆಲಿಸ್ಕೋಪ್ ತೀರ ಹೀಗೆ ಅಗೆದು ಅಗೆದು ಸವೆದ ಜಾಗಗಳಲ್ಲೊಂದು. ಅದೇ ದೇಶಕ್ಕೆ ಸೇರಿದ ಕಾರಿಯಾಕೂ ದ್ವೀಪದ ಮೇಲೆ 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಅಪ್ಪಳಿಸಿ, ಮತ್ತೆ ಅದೇ ಬೇಡಿಕೆ ಎದ್ದಿತು. ಬಾರ್ಬುಡಾ ದ್ವೀಪದ ಪಾಮೆಟೊ ಪಾಯಿಂಟ್‌ನಿಂದ 1970ರ ದಶಕದಿಂದ ಮರಳು ಅಗೆದು ನೆರೆಯ ದ್ವೀಪಗಳಿಗೆ ಹಡಗಿನಲ್ಲಿ ಸಾಗಿಸುತ್ತಿದ್ದರು. ಇವೆಲ್ಲವೂ ಕದ್ದ ಮರಳೇ ಎಂದು ಹೇಳುವಂತಿಲ್ಲ. ಅನುಮತಿ ಪಡೆದು ತೆಗೆದದ್ದೂ ಇದೆ, ಆದರೆ ಕಡಲು ಪಾಸ್ ನೋಡಿ ಒಳಬರುವುದಿಲ್ಲ.

ಆ ದ್ವೀಪಗಳಲ್ಲಿ ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಮಾಂಟ್‌ಸೆರಾಟ್. ಅಲ್ಲಿಯ ಸೂಫ್ರಿಯೇರ್ ಹಿಲ್ಸ್ ಅಗ್ನಿಪರ್ವತ 1995ರಲ್ಲಿ ಎಚ್ಚೆತ್ತು, ರಾಜಧಾನಿ ಪ್ಲಿಮತ್ ಬೂದಿ ಕೆಸರಿನಡಿ ಹೂತುಹೋಯಿತು. ಈಗ ಅದೇ ಅಗ್ನಿಪರ್ವತ ಉಗುಳಿದ ಮರಳನ್ನು ತೆಗೆದು ನೆರೆಯ ದ್ವೀಪಗಳಿಗೆ ರಫ್ತು ಮಾಡುತ್ತಾರೆ. ನಮ್ಮ ವಾಘೋಲಿಯ ಕಪ್ಪುಕಲ್ಲೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅಲ್ಲಿ ಪರ್ವತವೇ ಪುಡಿ ಮಾಡಿ ಕೊಟ್ಟಿತು, ಇಲ್ಲಿ ಕ್ರಷರ್ ಹಾಕಿ ಪುಡಿ ಮಾಡಬೇಕು. ತೀರವನ್ನು ಅಗೆಯದೆ ಮರಳು ಪಡೆಯುವ ದಾರಿ ಎರಡೂ ಕಡೆ ಲಾವಾದಿಂದಲೇ ಸಿಕ್ಕಿತು.

ಮಹಾರಾಷ್ಟ್ರದಲ್ಲಿ ಈ ದಾರಿ ಸುಲಭವಾಗಿ ತೆರೆದುಕೊಂಡಿಲ್ಲ. ಮುಂಬಯಿಯ ಕಟ್ಟಡಗಳಿಗೆ ದಶಕಗಳ ಕಾಲ ಖಾಡಿಯ ಮರಳೇ ಬರುತ್ತಿತ್ತು. 2004ರಲ್ಲಿ ಅಲಿಬಾಗ್ ಬಳಿಯ ಕಿಹಿಮ್ ತೀರದಲ್ಲಿ ಅಕ್ರಮ ಮರಳು ಸಾಗಣೆಯನ್ನು ತಡೆಯಲು ಹೋದ ಪರಿಸರ ಹೋರಾಟಗಾರ್ತಿ ಸುಮೈರಾ ಅಬ್ದುಲಾಲಿ ಅವರ ಮೇಲೆ ಹಲ್ಲೆಯಾಯಿತು. ಅವರ ಸಂಸ್ಥೆ ಆವಾಜ್ ಫೌಂಡೇಶನ್ ಮುಂಬಯಿ ಹೈಕೋರ್ಟಿನ ಬಾಗಿಲು ತಟ್ಟಿತು, 2010ರಲ್ಲಿ ಹೈಕೋರ್ಟು ರಾಜ್ಯದಲ್ಲಿ ಮರಳು ತೆಗೆಯುವುದನ್ನೇ ತಡೆಹಿಡಿಯಿತು. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಚಿಕ್ಕ ಗಣಿ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದಿತು. 2016ರ ಆಗಸ್ಟ್ 2ರ ರಾತ್ರಿ ಮುಂಬಯಿ–ಗೋವಾ ಹೆದ್ದಾರಿಯ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಪ್ರವಾಹದಲ್ಲಿ ಕುಸಿದು, ಸಾರಿಗೆ ಬಸ್ಸುಗಳು ಕೊಚ್ಚಿಹೋದಾಗ, ನದಿಪಾತ್ರದ ಮರಳು ತೆಗೆದದ್ದೂ ಕಾರಣವೇ ಎಂಬ ಚರ್ಚೆ ಎದ್ದಿತ್ತು. 2023ರಲ್ಲಿ ಸರ್ಕಾರ ತನ್ನ ಡಿಪೋಗಳಿಂದ ಬ್ರಾಸ್‌ಗೆ (100 ಘನ ಅಡಿಗೆ) 600 ರೂಪಾಯಿಗೆ ಮರಳು ಕೊಡುವ ನೀತಿ ತಂದಿತು. 2025ರಲ್ಲಿ ಹರಾಜಿನ ಪದ್ಧತಿಗೆ ಮರಳಿ, ಜೊತೆಗೆ ಕೃತಕ ಮರಳಿಗೆ ಪ್ರೋತ್ಸಾಹ ಕೊಡುವ ಪ್ರತ್ಯೇಕ ನೀತಿಯನ್ನು ಒಪ್ಪಿತು. ಇಷ್ಟೆಲ್ಲ ಆದರೂ ಸಾಮಾನ್ಯ ಗಿರಾಕಿಯ ಕೈಗೆ ಬರುವ ಆಧಾರ ಒಂದೇ, ಸಾಗಣೆಯ ಪಾಸು.

ಈ ಯಾರ್ಡಿನಲ್ಲಿ ಪಾಸಿನ ಪ್ರತಿಯನ್ನು ಬಿಲ್ಲಿಗೆ ಪಿನ್ನು ಚುಚ್ಚಿ ಕೊಡುತ್ತಾರೆ. ಅದನ್ನು ಓದುವ ಕ್ರಮವನ್ನೂ ಮಾಲೀಕರೇ ತೋರಿಸಿದರು: ಹೊರಟ ಸ್ಥಳ, ವಾಹನದ ಸಂಖ್ಯೆ, ಪ್ರಮಾಣ, ಹೊರಟ ಹೊತ್ತು, ಪಾಸು ಮುಗಿಯುವ ಹೊತ್ತು. ಮೋಸ ನಡೆಯುವುದು ಸಾಮಾನ್ಯವಾಗಿ ಕೊನೆಯ ಎರಡರಲ್ಲಿ. ಅವಧಿ ಉದ್ದವಾಗಿದ್ದರೆ ಒಂದೇ ಪಾಸಿನ ಮೇಲೆ ಅದೇ ಲಾರಿ ಎರಡು ಮೂರು ಸುತ್ತು ಹೊಡೆಯುತ್ತದೆ, ಮೊದಲ ಲೋಡಿಗಷ್ಟೇ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ ಬೀಳುತ್ತದೆ. ನಮ್ಮ ಟಾಕಿಯ ಕೆಲಸಕ್ಕೆ ಬಂದ ಸ್ವಲ್ಪ ನದಿ ಮರಳಿನ ಪಾಸಿನಲ್ಲಿ ಲಾರಿ ಯಾರ್ಡಿಗೆ ತಲುಪಿದ ಹೊತ್ತು ಅವಧಿಯೊಳಗೇ ಇತ್ತು, ಭೂತಗಾಜಿನಡಿ ಕಣಗಳೂ ಭೀಮೆಯ ಶೀಸೆಯನ್ನೇ ಹೋಲುತ್ತಿದ್ದವು. ಇದಕ್ಕಿಂತ ಹೆಚ್ಚಿನ ಖಾತ್ರಿಯನ್ನು ಸೊಸೈಟಿಯ ಮಟ್ಟದಲ್ಲಿ ಪಡೆಯುವುದು ಕಷ್ಟ. ಪಕ್ಕದಲ್ಲೇ ಇರುವ ಇನ್ನೊಂದು ಯಾರ್ಡಿನಲ್ಲಿ ಪಾಸು ಕೇಳಿದ್ದಕ್ಕೆ “ನಿಮಗೆ ಮರಳು ಬೇಕೋ ಕಾಗದ ಬೇಕೋ” ಎಂಬ ಉತ್ತರ ಬಂದಿತ್ತು.

ಇನ್ನು ಸರಕಿನ ಗುಣ. ಕಾಂಕ್ರೀಟಿನ ಕ್ರಶ್ ಸ್ಯಾಂಡ್ ಬಗ್ಗೆ ನನ್ನದು ಬಹುತೇಕ ಮೆಚ್ಚುಗೆಯೇ. ಕಲ್ಲು ಒಡೆಯುವ ಎಲ್ಲ ಯಂತ್ರಗಳಿಂದಲೂ ಮರಳು ಆಗುವುದಿಲ್ಲ; ದವಡೆಯಂತೆ ಅಗಿಯುವ ಕ್ರಷರ್‌ನ ಕೆಳಗೆ ಬೀಳುವ ಪುಡಿ ಬರೀ ಡಸ್ಟ್, ಅದರ ಕಣಗಳು ಚಪ್ಪಟೆ, ಸೂಜಿಯಂತೆ ಉದ್ದ. ವಿಎಸ್‌ಐ ಎಂಬ ಯಂತ್ರ ಕಲ್ಲನ್ನು ಕಲ್ಲಿಗೇ ಬಡಿಸಿ ಒಡೆಯುವುದರಿಂದ ಕಣಗಳು ಘನಾಕಾರಕ್ಕೆ ಹತ್ತಿರವಾಗುತ್ತವೆ. ಪುಣೆಯ ಮಾರುಕಟ್ಟೆಯಲ್ಲಿ ಡಸ್ಟನ್ನೇ ಕ್ರಶ್ ಸ್ಯಾಂಡ್ ಎಂದು ಮಾರುವವರು ಕಡಿಮೆಯೇನಿಲ್ಲ. ಇಲ್ಲಿ ಸಿಕ್ಕಿದ್ದು ವಿಎಸ್‌ಐ ಮರಳೇ ಎಂಬುದು ಭೂತಗಾಜಿನಲ್ಲಿ ಗೊತ್ತಾಗುತ್ತಿತ್ತು. ಅತಿ ಸಣ್ಣ ಪುಡಿಯ ಮಟ್ಟಿಗೆ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿ ನದಿ ಮರಳಿಗೆ ಶೇ. 3ರ ಮಿತಿ ಹಾಕಿ, ಒಡೆದ ಕಲ್ಲಿನ ಮರಳಿಗೆ ಶೇ. 15ರವರೆಗೆ ಬಿಡುತ್ತದೆ, ಹೊಳೆಯ ಪುಡಿ ಜೇಡಿ, ಕಲ್ಲಿನ ಪುಡಿ ಕಲ್ಲೇ ಎಂಬುದು ಅದರ ಹಿಂದಿನ ತರ್ಕ. ನಾವು ಮನೆಯಲ್ಲೇ ಉಪ್ಪುನೀರಿನ ಪರೀಕ್ಷೆ ಮಾಡಿದೆವು: ಅಳತೆಯ ಗಾಜಿನ ಪಾತ್ರೆಯಲ್ಲಿ ಮರಳು, ಉಪ್ಪುನೀರು ಹಾಕಿ ಚೆನ್ನಾಗಿ ಕುಲುಕಿ ಮೂರು ತಾಸು ಬಿಟ್ಟರೆ, ಮೇಲೆ ಕೂರುವ ಕೆನೆಯಂಥ ಪದರದ ದಪ್ಪದಿಂದ ಹೂಳಿನ ಪ್ರಮಾಣ ತಿಳಿಯುತ್ತದೆ. ಮೊದಲ ಲೋಡಿನಲ್ಲಿ ಆ ಪದರ ತೆಳುವಾಗಿತ್ತು. ಗಿಲಾವಿನ ಮರಳಿದ್ದ ಎರಡನೆಯ ಲೋಡಿನಲ್ಲಿ ಗಮನಾರ್ಹವಾಗಿ ದಪ್ಪಗಿತ್ತು. ತೊಳೆಯುವ ಘಟಕದಲ್ಲಿ ನೀರಿನ ಕೊರತೆಯಿತ್ತೆಂದು ಅವರು ಒಪ್ಪಿಕೊಂಡು ಅರ್ಧ ಲೋಡನ್ನು ಬದಲಾಯಿಸಿದರು. ಬದಲಾಯಿಸಿದ್ದು ಒಳ್ಳೆಯದೇ, ಆದರೆ ಪರೀಕ್ಷಿಸದ ಗಿರಾಕಿಗೆ ಅದೇ ಲೋಡು ಹಾಗೆಯೇ ಹೋಗುತ್ತಿತ್ತೆಂಬುದನ್ನು ಮರೆಯಲಾಗದು.

ಸ್ಲ್ಯಾಬು ಚೆನ್ನಾಗಿ ಬಂದಿದೆ. ಚೂಪು ಅಂಚಿನ ಮರಳಿನ ಕಾಂಕ್ರೀಟು ಒರಟಾಗಿ, ಹರಿಯಲೊಲ್ಲದೆ ಇರುವುದರಿಂದ ಕೆಲಸಗಾರರು ಕಣ್ಣು ತಪ್ಪಿಸಿ ನೀರು ಸುರಿಯುವ ಅಪಾಯವಿದೆ. ನೀರು ಹೆಚ್ಚಿಸುವ ಬದಲು, ಕಾಂಕ್ರೀಟು ಸಲೀಸಾಗಿ ಹರಿಯುವಂತೆ ಮಾಡುವ ಪ್ಲಾಸ್ಟಿಸೈಸರ್ ಎಂಬ ರಾಸಾಯನಿಕ ಹಾಕಿಸಬೇಕು, ನಾವು ಹಾಗೆಯೇ ಮಾಡಿಸಿದೆವು. ಉಪ್ಪಿನ ಭಯವಿಲ್ಲವೆಂಬುದು ಕಲ್ಲಿನ ಮರಳಿನ ದೊಡ್ಡ ಲಾಭ. ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಒಂದು ಘನ ಮೀಟರಿಗೆ 0.6 ಕಿಲೋಗಿಂತ ಹೆಚ್ಚು ಕ್ಲೋರೈಡ್ ಇರಬಾರದೆಂದು ಐಎಸ್ 456 ಹೇಳುತ್ತದೆ. ಸರಿಯಾಗಿ ತೊಳೆಯದ ಖಾಡಿಯ ಮರಳು ಈ ಮಿತಿ ಮೀರಿದರೆ ಸರಳು ಒಳಗಿನಿಂದಲೇ ತುಕ್ಕು ಹಿಡಿದು ಉಬ್ಬಿ, ಮೇಲಿನ ಹೊದಿಕೆಯನ್ನು ಒಡೆದು ಹಾಕುತ್ತದೆ. ಮುಂಬಯಿಯ ಹಳೆಯ ಕಟ್ಟಡಗಳ ಬಾಲ್ಕನಿಯ ತಳದಲ್ಲಿ ಕೆಂಪು ಸರಳು ಇಣುಕುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅಲ್ಲಿ ಸಮುದ್ರದ ಗಾಳಿಯ ಪಾಲೂ ಇದೆಯೆನ್ನಿ.

ಗಿಲಾವಿನ ಮರಳಿಗೆ ಮಾತ್ರ ನಾನು ಪೂರ್ಣ ಅಂಕ ಕೊಡಲಾರೆ. ಇಂಡಿ ತಾಲೂಕಿನಿಂದ ಬಂದ ನಮ್ಮ ಗೌಂಡಿ ಮೊದಲ ದಿನವೇ ತೀರ್ಪು ಕೊಟ್ಟರು: “ಉಸುಕ ಸ್ವಚ್ಛ ಅದ ರೀ ಸರ, ಆದ್ರ ಕರಣಿ ಮಾತ ಕೇಳಂಗಿಲ್ಲ.” ನದಿ ಮರಳಿನ ಗಾರೆ ಕರಣಿಯ ಕೆಳಗೆ ತಾನಾಗಿ ಹರಡಿಕೊಳ್ಳುತ್ತದೆ, ಇದನ್ನು ಒತ್ತಿ ಒತ್ತಿ ಹಚ್ಚಬೇಕು, ಬೆರಳ ತುದಿಗಳು ಉರಿಯುತ್ತವೆ. ಕೈಗವಸು ತರಿಸಿಕೊಟ್ಟೆವು, ಹಾಕಿಕೊಂಡವರು ಚಿಕ್ಕ ವಯಸ್ಸಿನವರು ಮಾತ್ರ. ನೆರಳಿನ ಗೋಡೆಗಳಲ್ಲಿ ಫಲಿತಾಂಶ ನಿರ್ದೋಷವಾಗಿದೆ. ಪಶ್ಚಿಮದ ಗೋಡೆಯಲ್ಲಿ, ಮಧ್ಯಾಹ್ನದ ಬಿಸಿಲಿಗೆ ಬೇಗ ಒಣಗಿದ ಕಡೆ, ಕೂದಲೆಳೆಯಂಥ ಬಿರುಕುಗಳು ಬಲೆಯ ಹಾಗೆ ಕಾಣಿಸಿಕೊಂಡವು. ಎರಡನೆಯ ಲೋಡಿನ ಉಳಿದರ್ಧ ಹೋದದ್ದೂ ಆ ಗೋಡೆಗೇ. ಗಿಲಾವಿಗೆ ಈ ಮರಳನ್ನು ಕೊಳ್ಳುವವರು ಪ್ರತಿ ಲೋಡನ್ನೂ ಪರೀಕ್ಷಿಸಿ, ಗೋಡೆಯನ್ನು ಮೊದಲೇ ನೆನೆಸಿ, ಕನಿಷ್ಠ ಒಂದು ವಾರ ನೀರುಣಿಸುವ ವ್ಯವಸ್ಥೆ ಮಾಡಿಕೊಳ್ಳಬೇಕು. ಪುಣೆಯ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಸೊಸೈಟಿಗಳಿಗೆ ಈ ಖರ್ಚು ಚಿಕ್ಕದಲ್ಲ.

ಅಳತೆಯ ವಿಷಯದಲ್ಲಿ ಇನ್ನೊಂದು ಆಕ್ಷೇಪಣೆಯಿದೆ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಒಣ ಮರಳಾದರೆ ಸುಮಾರು ನಾಲ್ಕೂವರೆ ಟನ್. ಸ್ವಲ್ಪ ಒದ್ದೆಯಾದ ಸಣ್ಣ ಮರಳು ಉಬ್ಬುತ್ತದೆ, ಶೇ. 5–6ರಷ್ಟು ತೇವಕ್ಕೆ ಗಾತ್ರ ಕಾಲುಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಬೆಳೆಯಬಹುದು. ತೊಳೆದ ಮರಳನ್ನು ನೀರಿಳಿಯುವ ಮೊದಲೇ ತುಂಬಿ ಬ್ರಾಸ್ ಲೆಕ್ಕದಲ್ಲಿ ಮಾರಿದರೆ ಗಿರಾಕಿಗೆ ನಷ್ಟ, ತೂಕದಲ್ಲಿ ಮಾರಿದರೂ ನೀರಿಗೆ ಹಣ ಕೊಟ್ಟಂತೆ. ಎರಡು ದಿನ ರಾಶಿ ಹಾಕಿ ನೀರಿಳಿದ ಮೇಲೆ ತೂಕಕ್ಕೆ ಕೊಡಿರೆಂದು ಕೇಳಿದ್ದಕ್ಕೆ ಒಪ್ಪಿದರು, ಆದರೆ ಅದನ್ನು ಕೇಳಿಯೇ ಪಡೆಯಬೇಕು. ವೇ-ಬ್ರಿಜ್ ಅವರದಲ್ಲ, ಹೆದ್ದಾರಿಯ ಮೇಲಿನ ಸಾರ್ವಜನಿಕ ತೂಕದ ಕಾಂಟಾ. ತೂಕದ ಚೀಟಿಯಲ್ಲಿ ತಕರಾರಿಗೆ ಎಡೆಯಿರಲಿಲ್ಲ.

ಕಲ್ಲಿನ ಮರಳು ಕೊಂಡರೆ ಪಾಪವೆಲ್ಲ ತೊಳೆದುಹೋಯಿತೆಂದು ಭಾವಿಸುವವರಿಗೆ ವಾಘೋಲಿಯ ಗಣಿಗಳ ಅಂಚಿನಲ್ಲಿ ಒಮ್ಮೆ ನಿಂತು ನೋಡಲು ಹೇಳುತ್ತೇನೆ. ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದಿವೆ, ರಸ್ತೆಬದಿಯ ಹುಣಸೆಮರಗಳ ಎಲೆ ಬೂದುಬಣ್ಣಕ್ಕೆ ತಿರುಗಿದೆ, ಕ್ರಷರ್‌ನ ಕೆಲಸಗಾರರಲ್ಲಿ ಕಲಬುರಗಿ, ಯಾದಗಿರಿಯ ಕಡೆಯವರು ಬಹಳ, ಅವರ ಶೆಡ್ಡುಗಳ ಮೇಲೂ ಅದೇ ಧೂಳು. ಗಣಿಗೂ ಪರವಾನಗಿ ಬೇಕು, ಅಲ್ಲಿಯ ಕಲ್ಲಿಗೂ ರಾಯಲ್ಟಿಯಿದೆ, ಅದನ್ನೂ ತಪ್ಪಿಸುವವರಿದ್ದಾರೆ. ಈ ಯಾರ್ಡಿನವರು ನದಿ ಮರಳಿನ ಪಾಸನ್ನು ಕೇಳದೆಯೇ ಕೊಟ್ಟರು. ಕ್ರಶ್ ಸ್ಯಾಂಡ್ ಯಾವ ಗಣಿಯದೆಂದು ಬಾಯಲ್ಲಿ ಹೇಳಿದರೂ ಅದರ ಚಲನ್ ತೋರಿಸಲು ಎರಡು ಬಾರಿ ನೆನಪಿಸಬೇಕಾಯಿತು. ನಾನು ಅಂಕ ಕಳೆಯುವುದು ಇಲ್ಲಿಯೇ.

ಸ್ಲ್ಯಾಬು, ಕಂಬ, ಫ್ಲೋರಿಂಗಿನ ಕೆಳಪದರಕ್ಕೆ ಮರಳು ಬೇಕಾದವರು ಇಲ್ಲಿ ಧೈರ್ಯವಾಗಿ ಕೊಳ್ಳಬಹುದು. ನುಣುಪಾದ ಒಳಗಿಲಾವೇ ಮುಖ್ಯವೆನ್ನುವವರು ಮೊದಲು ಒಂದು ಗೋಡೆಗಾಗುವಷ್ಟು ಮಾತ್ರ ತರಿಸಿ ನೋಡಲಿ. ಅವಸರದಲ್ಲಿರುವವರಿಗೆ ಈ ಯಾರ್ಡು ತಕ್ಕದ್ದಲ್ಲ. ಮಳೆಗಾಲದಲ್ಲಿ ನದಿ ಮರಳು ತೆಗೆಯುವುದು ನಿಲ್ಲುವುದರಿಂದ ಆ ತಿಂಗಳುಗಳಲ್ಲಿ ಮೂರನೆಯ ರಾಶಿ ಖಾಲಿಯೇ ಇರುತ್ತದೆ, ಮತ್ತು ಆಗ ಬೇರೆಡೆ ಸಲೀಸಾಗಿ ಸಿಗುವ ನದಿ ಮರಳಿನ ಪಾಸನ್ನು ಎರಡೆರಡು ಬಾರಿ ಓದಬೇಕು. ಭಾನುವಾರ ರಜೆ. ಹಗಲು ಹೊತ್ತು ಭಾರಿ ವಾಹನಗಳಿಗೆ ನಗರದೊಳಗೆ ನಿರ್ಬಂಧವಿರುವ ಪ್ರದೇಶಗಳಿಗೆ ಟಿಪ್ಪರ್ ಬರುವುದು ರಾತ್ರಿಯೇ ಆದ್ದರಿಂದ, ಇಳಿಸುವಾಗ ಯಾರಾದರೊಬ್ಬರು ಎಚ್ಚರವಿದ್ದು ಚೀಟಿಯಲ್ಲಿರುವ ವಾಹನದ ಸಂಖ್ಯೆಯನ್ನೂ ಗೇಟಿನಲ್ಲಿ ನಿಂತಿರುವ ವಾಹನದ ಸಂಖ್ಯೆಯನ್ನೂ ತಾಳೆ ನೋಡಿಯೇ ಸಹಿ ಹಾಕಬೇಕು.